ಕಂತಿನ ದಿನ, ಕಷ್ಟದ ದಿನ



ಈ ಉಪನ್ಯಾಸದ ದತ್ತಿ ಇಟ್ಟವರು ಒಂದು ಷರತ್ತು ಹಾಕಿದ್ದಾರಂತೆ: ಉಪನ್ಯಾಸ ಕೇಳಿದವರಿಗೆ ಮನೆ ನಡೆಸಲು ಉಪಯೋಗವಾಗಬೇಕು. ಅದಕ್ಕೆ ನಾನು ಆರಿಸಿಕೊಂಡಿರುವುದು ಸಾಲ. ನಾನು ನೌಕರಿಯ ಬಹುಪಾಲು ಕಳೆದದ್ದು ಬ್ಯಾಂಕಿನ ಹಳ್ಳಿ ಶಾಖೆಗಳಲ್ಲಿ, ಸಾಲ ಕೊಡುವ ಮೇಜಿನ ಆಚೆ ಬದಿಯಲ್ಲಿ ಕೂತು. ಸಾಲ ಮಾಡುವುದು ತಪ್ಪು ಎಂದು ಹೇಳಲು ಬಂದಿಲ್ಲ. ಹಾಗೆ ಹೇಳಿದರೆ ನಾನು ತಿಂದ ಅನ್ನಕ್ಕೆ ದ್ರೋಹ ಬಗೆದ ಹಾಗೆ. ಸಾಲ ತೀರಿಸುತ್ತಿರುವಾಗ ನಡುವೆ ಕಾಯಿಲೆಯೋ ಅಪಘಾತವೋ ಕೆಲಸ ಹೋಗುವುದೋ ಬಂದರೆ ಮನೆಯವರು ಏನು ಮಾಡಬಹುದು, ಅಷ್ಟೇ ನನ್ನ ಮಾತು.

ಸಾಲ ತೀರಿಸುವ ಬಗ್ಗೆ ನಮಗೆ ಸಿಗುವ ಬುದ್ಧಿಮಾತುಗಳೆಲ್ಲ ಸಂಬಳದವರಿಗಾಗಿ ಹುಟ್ಟಿದವು. ಒಂದನೇ ತಾರೀಖು ಸಂಬಳ, ಐದನೇ ತಾರೀಖು ಕಂತು. ಖರ್ಚು ಕಡಿಮೆ ಮಾಡಿ, ಉಳಿದದ್ದನ್ನು ಸಾಲಕ್ಕೆ ಹಾಕಿ, ಬೇಗ ತೀರಿಸಿ. ಈ ಲೆಕ್ಕದಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಆಟೋ ಕೆಡುವುದಿಲ್ಲ, ಮಳೆ ತಪ್ಪುವುದಿಲ್ಲ. ನಮ್ಮ ಬಹುತೇಕ ಮನೆಗಳ ಆದಾಯ ಮಾತ್ರ ಒಂದು ವಾರ ಬರುತ್ತದೆ, ಇನ್ನೊಂದು ವಾರ ಬರುವುದಿಲ್ಲ. ಕಂತು ತಪ್ಪದೆ ಬರುತ್ತದೆ. ಇವೆರಡರ ನಡುವಿನ ಸಂದಿನಲ್ಲೇ ಹೊಸ ಸಾಲ ಹುಟ್ಟುವುದು. ಮೇಜಿನ ಮುಂದೆ ಕೂತು “ಸಾರ್, ಈ ಸಂಘದ ಕಂತು ಕಟ್ಟೋಕೆ ಇನ್ನೊಂದು ಸಂಘ ಸೇರ್ಕೊಂಡೆ” ಎಂದ ಹೆಂಗಸರು ಒಬ್ಬಿಬ್ಬರಲ್ಲ.

ಒಂದು ಮನೆಯನ್ನು ಲೆಕ್ಕಕ್ಕಾಗಿ ಕಟ್ಟೋಣ. ತುಮಕೂರಿನಲ್ಲಿ ಗಂಡ ಆಟೋ ಓಡಿಸುತ್ತಾನೆ, ಗ್ಯಾಸು ರಿಪೇರಿ ಕಳೆದು ತಿಂಗಳಿಗೆ 13,000 ಉಳಿಯುತ್ತದೆ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಕೈಗೆ 12,000. ಒಟ್ಟು 25,000, ವರ್ಷಕ್ಕೆ 3 ಲಕ್ಷ. ಆಟೋ ಸಾಲ ಒಂದೂವರೆ ಲಕ್ಷ ಬಾಕಿ, ಕಂತು 5,800. ಎರಡು ಮೈಕ್ರೋಫೈನಾನ್ಸ್ ಸಾಲ, 45,000 ಮತ್ತು 30,000. ಎರಡರ ಕಂತು ಸೇರಿ 4,400. ಸರ ಅಡವಿಟ್ಟು 70,000, ವರ್ಷಕ್ಕೆ ಶೇ. 12ರಂತೆ ತಿಂಗಳಿಗೆ 700 ಬಡ್ಡಿ. ಕೈಸಾಲ 30,000, ನೂರಕ್ಕೆ ಐದರ ಬಡ್ಡಿ, ತಿಂಗಳಿಗೆ 1,500. ಭಾವಮೈದುನನಿಂದ 40,000, ಬಡ್ಡಿಯಿಲ್ಲ. ತಿಂಗಳಿಗೆ ಹೊರಗೆ ಹೋಗುವುದು 12,400.

ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸಿಗೆ ಹೊಸ ನಿಯಮ ತಂದಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೆಲ್ಲ ಮೈಕ್ರೋಫೈನಾನ್ಸ್. ಆ ಮನೆ ಕಟ್ಟುವ ಎಲ್ಲ ಸಾಲಗಳ ಕಂತು ತಿಂಗಳ ಆದಾಯದ ಅರ್ಧ ದಾಟಬಾರದು. ನಮ್ಮ ಮನೆಯ ಕಂತು ಅರ್ಧಕ್ಕಿಂತ 100 ರೂಪಾಯಿ ಕಡಿಮೆ. ಕೈಸಾಲ ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲವಾದ್ದರಿಂದ ಸಾಲ ಕೊಡುವವರ ಕಣ್ಣಿಗೆ ಇದು ಇನ್ನೂ ಒಂದು ಸಾಲ ತಡೆಯಬಲ್ಲ ಮನೆ. ಕಾಗದದ ಮೇಲೆ ಎಲ್ಲ ಸರಿ. ಉಳಿಯುವ 12,600ರಲ್ಲಿ ಬಾಡಿಗೆ 4,000 ಹೋದರೆ ರೇಷನ್ನು, ಸಿಲಿಂಡರು, ಹಾಲು, ಕರೆಂಟು, ಶಾಲೆ, ಮೊಬೈಲು ಎಲ್ಲಕ್ಕೂ 8,600. ಇದರಲ್ಲಿ ಮಗುವಿಗೆ ಡೆಂಗಿ ಬರಲು ಜಾಗವೆಲ್ಲಿದೆ?

ಮಗುವಿಗೆ ಡೆಂಗಿ ಬಂದೇಬಿಟ್ಟಿತು ಎನ್ನೋಣ. ಖಾಸಗಿ ನರ್ಸಿಂಗ್ ಹೋಮಿನಲ್ಲಿ 18,000. ಅಪ್ಪ ಹತ್ತು ದಿನ ಆಟೋ ತೆಗೆಯಲಿಲ್ಲ, ಅಲ್ಲಿ 4,300 ಖೋತಾ. ಸುಮಾರು 22,000 ಬೇಕು, ಅದೂ ಇವತ್ತೇ ಬೇಕು. ಇವತ್ತೇ ಕೊಡುವವನು ಬಡ್ಡಿಯವನೊಬ್ಬನೇ. ನೂರಕ್ಕೆ ಐದು ಎಂದರೆ ವರ್ಷಕ್ಕೆ ಶೇ. 60. ಅವಸರ ನೋಡಿ ಹತ್ತು ಕೇಳಿದರೆ ಶೇ. 120, ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಕೈಗೆ ಕೊಡುತ್ತಾನೆ. ಡೆಂಗಿ ಹತ್ತು ದಿನದಲ್ಲಿ ವಾಸಿಯಾಯಿತು. ಅದರ ಬಡ್ಡಿ ಮುಂದಿನ ವರ್ಷವೂ ಮನೆಯಲ್ಲಿರುತ್ತದೆ.

ಇಂಥ ಮನೆಗಳನ್ನು ನೋಡಿದಾಗ ನಮ್ಮಂಥವರ ಬಾಯಿಗೆ ಮೊದಲು ಬರುವುದು “ದುಂದು ಮಾಡಿದರು, ಕುಡಿದು ಹಾಳಾದರು”. ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು, ಹಿಂದೆ ಐಎಎಸ್ ಅಧಿಕಾರಿಯಾಗಿದ್ದವರು, ಭಾರತ, ಕೀನ್ಯಾ, ಉಗಾಂಡ, ಪೆರು, ಅಮೆರಿಕದ ಒಂದು ರಾಜ್ಯ ಇಷ್ಟೂ ಕಡೆ 35,000ಕ್ಕೂ ಹೆಚ್ಚು ಮನೆಗಳ ಕಥೆ ಕೇಳಿ 2010ರಲ್ಲಿ ‘ಒನ್ ಇಲ್ನೆಸ್ ಅವೇ’ ಎಂಬ ಪುಸ್ತಕ ಬರೆದರು. ಒಂದು ಕಾಯಿಲೆಯಷ್ಟೇ ದೂರ, ಅಂತ. ಮನೆಗಳು ಬಡತನಕ್ಕೆ ಬೀಳುವುದಕ್ಕೆ ಅವರು ಕಂಡ ದೊಡ್ಡ ಕಾರಣ ಅನಾರೋಗ್ಯ ಮತ್ತು ಅದರ ಖರ್ಚು. ಅದರ ಬೆನ್ನಿಗೆ ಮದುವೆ, ತಿಥಿ, ಜಾಸ್ತಿ ಬಡ್ಡಿಯ ಸಾಲ. ಕುಡಿತದಿಂದಲೋ ಸೋಮಾರಿತನದಿಂದಲೋ ಬಿದ್ದ ಮನೆಗಳು ತೀರ ಕಡಿಮೆ. ಒಂದೇ ಪೆಟ್ಟಿಗೆ ಬಿದ್ದ ಮನೆಗಳೂ ಕಡಿಮೆ. ಮೊದಲ ಪೆಟ್ಟಿನಿಂದ ಏಳುವ ಮೊದಲೇ ಎರಡನೆಯದು ಬಿದ್ದಿರುತ್ತದೆ.

ಮೊದಲ ಪೆಟ್ಟು ಸಾಮಾನ್ಯವಾಗಿ ಯಾರ ಕೈಯಲ್ಲೂ ಇಲ್ಲ. ಅದು ಕಂತನ್ನು ಮುರಿಯದಂತೆ ನೋಡಿಕೊಳ್ಳುವುದು ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಅದಕ್ಕೇ ನಾನು ಹೇಳುವುದು, ಸಾಲ ತೀರಿಸಲು ಹೊರಟವರು ಮೊದಲು ಒಂದು ತಿಂಗಳ ಕಂತಿನಷ್ಟು ನಗದನ್ನು ಪಕ್ಕಕ್ಕಿಡಬೇಕು, ಆಮೇಲೆ ಅಸಲಿಗೆ ಕೈ ಹಾಕಬೇಕು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ತಕರಾರು ತೆಗೆಯುತ್ತೀರಿ, ತೆಗೆಯಲೂ ಬೇಕು. ಶೇ. 60ರ ಸಾಲ ತಲೆಯ ಮೇಲಿರುವಾಗ ಶೇ. 3ರ ಉಳಿತಾಯ ಖಾತೆಯಲ್ಲಿ ಯಾರಾದರೂ ದುಡ್ಡಿಡುತ್ತಾರೆಯೇ?

ಇಡಬಾರದು. ಆದ್ದರಿಂದ ಶೇ. 60ರ ಸಾಲವನ್ನು ಮೊದಲು ಸ್ಥಳಾಂತರ ಮಾಡಬೇಕು. ಚಿನ್ನದ ಬೆಲೆ ಏರಿರುವುದರಿಂದ ಹಿಂದೆ 70,000ಕ್ಕೆ ಅಡವಿಟ್ಟ ಸರದ ಮೇಲೆ ಇವತ್ತು ಹೆಚ್ಚು ಹುಟ್ಟುತ್ತದೆ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅದನ್ನು ಮರುಸಾಲ ಮಾಡಿಸಿ 1 ಲಕ್ಷಕ್ಕೆ ಏರಿಸಿ, ಆ 30,000ದಿಂದ ಕೈಸಾಲ ಮುಗಿಸಿದರೆ ಚಿನ್ನದ ಬಡ್ಡಿ 1,000 ಆಯಿತು, 1,500 ನಿಂತಿತು. ಮೊದಲು 2,200 ಹೋಗುತ್ತಿದ್ದ ಕಡೆ ಈಗ 1,000. ಹೊಟ್ಟೆಬಟ್ಟೆ ಕಟ್ಟದೆ ತಿಂಗಳಿಗೆ 1,200 ಸಿಕ್ಕಿತು. ಹತ್ತು ತಿಂಗಳಿಗೆ 12,000, ಹೆಚ್ಚುಕಡಿಮೆ ಒಂದು ತಿಂಗಳ ಕಂತು. ಆ 12,000ವನ್ನು ಶೇ. 12ರ ಸಾಲಕ್ಕೆ ಕಟ್ಟದೆ ಶೇ. 3ರ ಖಾತೆಯಲ್ಲಿ ಇಟ್ಟದ್ದಕ್ಕೆ ವರ್ಷಕ್ಕೆ 1,080 ನಷ್ಟ, ತಿಂಗಳಿಗೆ 90. ಇದನ್ನು ವಿಮೆಯ ಕಂತು ಎಂದುಕೊಳ್ಳಿ. ಹನ್ನೊಂದನೆಯ ತಿಂಗಳಿನಿಂದ ಆ 1,200 ಚಿನ್ನದ ಅಸಲಿಗೆ ಹೋಗಲಿ.

ಒಂದು ಎಚ್ಚರಿಕೆ. ಸರದ ಮೇಲೆ ಎಷ್ಟು ಸಿಗುತ್ತದೋ ಅಷ್ಟನ್ನೂ ಎತ್ತಬೇಡಿ. ಬೆಲೆ ಇಳಿದಾಗ ವ್ಯತ್ಯಾಸ ಕಟ್ಟಿ ಎಂದು ನೋಟಿಸು ಬರುತ್ತದೆ, ಕಟ್ಟದಿದ್ದರೆ ಹರಾಜು. ಕೈಸಾಲ ತೀರಿತೆಂದು ಮತ್ತೆ ಕೈಸಾಲ ಮಾಡಿದರೆ ಸರವೂ ಹೋಯಿತು, ಬಡ್ಡಿಯೂ ಉಳಿಯಿತು. ಇದು ನಡೆಯುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು ಹೆಂಗಸರಿಗಿಂತ ಗಂಡಸರು ಕೇಳಿಸಿಕೊಳ್ಳಬೇಕಾದ್ದು. ಮನೆಯ ಸಾಲದ ಪಟ್ಟಿ ಪೂರ್ತಿಯಾಗಿ ಒಬ್ಬರಿಗೂ ಗೊತ್ತಿರುವುದಿಲ್ಲ. ಅವನ ಕೈಸಾಲ ಅವಳಿಗೆ ಗೊತ್ತಿಲ್ಲ, ಅವಳ ಎರಡನೇ ಸಂಘ ಅವನಿಗೆ ಗೊತ್ತಿಲ್ಲ. ಕಷ್ಟ ಬಂದ ದಿನ ಒಂದರ ಮೇಲೊಂದು ಹೊರಬರುತ್ತವೆ, ಅವತ್ತು ಜಗಳಕ್ಕೆ ಸಮಯ ಹೋಗುತ್ತದೆಯೇ ಹೊರತು ದಾರಿ ಹುಡುಕಲು ಆಗುವುದಿಲ್ಲ. ಬರೆದಿಡಿ. ಯಾರಿಗೆ, ಅಸಲೆಷ್ಟು, ಬಡ್ಡಿಯೆಷ್ಟು, ಕಂತು ಯಾವ ದಿನ. ಬಡ್ಡಿ ಕೇಳುವಾಗ ಫ್ಲ್ಯಾಟ್ ದರವೋ, ಇಳಿಯುವ ಅಸಲಿನ ಮೇಲಿನ ದರವೋ ಕೇಳಿ. 1 ಲಕ್ಷಕ್ಕೆ ಶೇ. 12 ಫ್ಲ್ಯಾಟ್, ಎರಡು ವರ್ಷ ಎಂದರೆ ತಿಂಗಳಿಗೆ 5,167; ಅಸಲು ಇಳಿಯುತ್ತಿದ್ದರೂ ಬಡ್ಡಿ ಇಳಿಯುವುದಿಲ್ಲ, ನಿಜವಾದ ದರ ಶೇ. 21 ದಾಟುತ್ತದೆ.

ಪಟ್ಟಿಯ ಜೊತೆಗೆ ಇನ್ನೊಂದು ವಿಂಗಡಣೆ ಆಗಬೇಕು. ನಾವು ಅನಿರೀಕ್ಷಿತ ಎನ್ನುವ ಎಷ್ಟೋ ಖರ್ಚು ಅನಿರೀಕ್ಷಿತವಲ್ಲ. ಜೂನ್ ತಿಂಗಳು ಪ್ರತಿವರ್ಷ ಬರುತ್ತದೆ, ಜೊತೆಗೆ ಶಾಲೆಯ ಫೀಸು ತರುತ್ತದೆ. ಆಟೋದ ಇನ್ಶೂರೆನ್ಸು, ಎಫ್‌ಸಿ ತಾರೀಖು ಆಯಾ ಕಾಗದದಲ್ಲೇ ಅಚ್ಚಾಗಿರುತ್ತವೆ. ಗೌರಿಹಬ್ಬ ಪಂಚಾಂಗದಲ್ಲಿದೆ. ಇಂಥವಕ್ಕೆ ಚೀಟಿ ಒಳ್ಳೆಯದು, ನೋಂದಣಿಯಾದ ಚೀಟಿಯಾದರೆ. ಪಕ್ಕಕ್ಕಿಟ್ಟ ಆ 12,000 ತಾರೀಖು ಗೊತ್ತಿಲ್ಲದವಕ್ಕೆ ಮಾತ್ರ.

ಕಷ್ಟ ಬಂದೇ ಬಂತು, ನಗದೂ ಸಾಲದು. ಎಲ್ಲ ಕಂತು ಕಟ್ಟಲಾಗುವುದಿಲ್ಲ. ಯಾವುದನ್ನು ಬಿಡಬೇಕು? ಬಡ್ಡಿ ಜಾಸ್ತಿ ಇರುವುದನ್ನು ಮೊದಲು ಕಟ್ಟಿ ಎನ್ನುವ ಸೂತ್ರ ಈ ದಿನಕ್ಕೆ ಹೊಂದುವುದಿಲ್ಲ. ಕೈಯಲ್ಲಿ ಹೆಚ್ಚಿಗೆ ದುಡ್ಡಿದ್ದ ದಿನ ಅದು ಸರಿ. ಕಡಿಮೆ ಇದ್ದ ದಿನ ಮೊದಲು ಕಟ್ಟಬೇಕಾದ್ದು ಆಟೋದ ಕಂತು, ಏಕೆಂದರೆ ಆಟೋ ಎಳೆದುಕೊಂಡು ಹೋದರೆ ದುಡಿಮೆಯೇ ನಿಂತಿತು. ಎರಡನೆಯದು ಗುಂಪಿನ ಸಾಲ. ಅಲ್ಲಿ ನೀವು ಕಟ್ಟದಿದ್ದರೆ ಅದೇ ಬೀದಿಯ ಬೇರೆ ಹೆಂಗಸರು ತಮ್ಮ ಮನೆಯ ಅಕ್ಕಿ ದುಡ್ಡು ತೆಗೆದು ಕಟ್ಟಬೇಕಾಗುತ್ತದೆ. ಚಿನ್ನದ ಸಾಲ ಒಂದೆರಡು ತಿಂಗಳು ಕಾಯುತ್ತದೆ, ಒಡವೆ ಅವರ ಬಳಿಯೇ ಇದೆ.

ಭಾವಮೈದುನನ 40,000? ಬಡ್ಡಿಯಿಲ್ಲವೆಂದು ಎಲ್ಲರೂ ಅದನ್ನು ಕೊನೆಗೆ ತಳ್ಳುತ್ತಾರೆ, ಆಮೇಲೆ ಮದುವೆಮುಂಜಿಗಳಲ್ಲಿ ಅವನ ಮುಖ ತಪ್ಪಿಸಿಕೊಂಡು ಓಡಾಡುತ್ತಾರೆ. ನನ್ನ ಲೆಕ್ಕ ಬೇರೆ. ನಾಳೆ ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಮಾಡಿದರೆ ಕಾಗದ ಕೇಳದೆ ದುಡ್ಡು ತರುವವನು ಅವನೊಬ್ಬನೇ. ಆ ಬಾಗಿಲು ತೆರೆದಿರಬೇಕು. ತಿಂಗಳಿಗೆ 500 ಆದರೂ ಸರಿ, ತಪ್ಪದೆ ಕೊಡಿ. ಆಗದ ತಿಂಗಳು ಮನೆಗೆ ಹೋಗಿ, ಆಗಲಿಲ್ಲ ಎಂದು ಹೇಳಿ ಕಾಫಿ ಕುಡಿದು ಬನ್ನಿ.

ಬ್ಯಾಂಕಿನವರಿಗೂ ಹಾಗೆಯೇ. ಕಂತು ತಪ್ಪುವ ಮೊದಲು ಬಂದು ಹೇಳಿದವರಿಗೆ ಮ್ಯಾನೇಜರ ಕೈಯಲ್ಲಿ ಕೊಡಲು ಏನಾದರೂ ಇರುತ್ತದೆ: ಅವಧಿ ಹಿಗ್ಗಿಸಿ ಕಂತು ಇಳಿಸುವುದು, ತಾರೀಖು ಬದಲಿಸುವುದು. ಮೂರು ತಿಂಗಳು ತಪ್ಪಿ ಖಾತೆ ಸುಸ್ತಿಯಾದ ಮೇಲೆ ಬಂದರೆ ಅವರ ಕೈಯೂ ಕಟ್ಟಿರುತ್ತದೆ. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ತಡವಾಗಿಯೇ ಬಂದರು. ನಾಚಿಕೆ. ಆದರೆ ಮುಂದೂಡಿದ್ದು ಮಾಫಿಯಲ್ಲ. ಕೋವಿಡ್ ವರ್ಷದಲ್ಲಿ, 2020ರ ಮಾರ್ಚಿನಿಂದ ಆಗಸ್ಟಿನವರೆಗೆ, ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಾಗ ಎಷ್ಟೋ ಜನ ಬಡ್ಡಿಯೂ ಬಿಟ್ಟುಹೋಯಿತೆಂದು ತಿಳಿದರು. ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಬಡ್ಡಿಯನ್ನೇ ಬಿಡಿ ಎನ್ನಲಿಲ್ಲ.

ಇಲ್ಲಿಯವರೆಗೆ ಮನೆಯವರ ಜವಾಬ್ದಾರಿ ಹೇಳಿದೆ. ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಎಲ್ಲರಿಗೂ ಒಟ್ಟಿಗೆ ಪೆಟ್ಟು ಬಿದ್ದಾಗ ಒಂದೊಂದು ಮನೆಯ ಜಾಣತನ ಸಾಲದು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದ ಕಡೆ ಆದದ್ದು ಅದೇ. ರೇಷ್ಮೆ ನೂಲು ತೆಗೆಯುವ ಮನೆಗಳಿಗೆ ಹಲವು ಮೈಕ್ರೋಫೈನಾನ್ಸ್ ಕಂಪನಿಗಳು ಪೈಪೋಟಿಯ ಮೇಲೆ ಸಾಲ ಕೊಟ್ಟಿದ್ದವು. ರೇಷ್ಮೆಯ ದುಡಿಮೆ ಕುಸಿದಾಗ ಬೀದಿಯ ಬೀದಿಗಳೇ ಕಂತು ನಿಲ್ಲಿಸಿದವು, ಕೋಲಾರದಲ್ಲಿ ಮುಸ್ಲಿಂ ಸಮುದಾಯದ ಸಂಘಟನೆ ಅಂಜುಮನ್‌ನವರು ಕಟ್ಟಬೇಡಿ ಎಂದೇ ಸಾರಿದರು. ಗುಂಪಿನ ಜಾಮೀನು ಒಂದು ಮನೆಯ ಕಷ್ಟವನ್ನು ತಡೆಯುತ್ತದೆ. ಗುಂಪಿನ ಅಷ್ಟೂ ಮನೆಗೆ ಒಂದೇ ಕಸುಬಾಗಿದ್ದರೆ ಯಾರಿಗೆ ಯಾರು ಜಾಮೀನು?

ಇದಕ್ಕೆ ಉತ್ತರ ಹುಡುಕುವುದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು, 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಆ ಗುಂಪುಗಳಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ವಾರಕ್ಕೆ ಹತ್ತಿಪ್ಪತ್ತು ರೂಪಾಯಿಯ ಆ ಉಳಿತಾಯವೇ ಕಷ್ಟದ ದಿನದ ನಗದಾಗಿತ್ತು. ಮೈಕ್ರೋಫೈನಾನ್ಸ್ ಬಂದ ಮೇಲೆ ಗುಂಪು ಉಳಿಯಿತು, ಉಳಿತಾಯ ಹೋಯಿತು, ಕಂತು ಮಾತ್ರ ಬಂತು. ಈ ಬದಲಾವಣೆಯನ್ನು ಯಾರೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲವೆಂಬುದು ನನ್ನ ದೂರು.

ಸರ್ಕಾರಗಳು ಋಣ ಪರಿಹಾರದ ಕಾನೂನು ತಂದಿವೆ. ದೇವರಾಜ ಅರಸರ ಕಾಲದ 1976ರ ಕಾಯ್ದೆ ಲೇವಾದೇವಿಯವರ ಹಿಡಿತದಿಂದ ಬಹಳ ಮನೆಗಳನ್ನು ಬಿಡಿಸಿತು, ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. 2018ರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. 2025ರ ಫೆಬ್ರವರಿಯಲ್ಲಿ, ವಸೂಲಿ ಕಿರುಕುಳ ಮಿತಿಮೀರಿದಾಗ, ಸುಗ್ರೀವಾಜ್ಞೆಯೇ ಬಂತು: ನೋಂದಣಿಯಿಲ್ಲದೆ ಸಾಲ ಕೊಟ್ಟವರಿಗೆ ಬಡವರ ಮೇಲೆ ಹಕ್ಕಿಲ್ಲ, ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು. ಈ ಕಾನೂನುಗಳೆಲ್ಲ ಆಗಿಹೋದ ಸಾಲವನ್ನು ನೋಡುತ್ತವೆ. ಮುಂದಿನ ವರ್ಷದ ಆಸ್ಪತ್ರೆಯ ಬಿಲ್ಲು ಇವುಗಳ ಕಣ್ಣಿಗೆ ಬೀಳುವುದಿಲ್ಲ.

ಬಿಲ್ಲಿನ ವಿಷಯ ಬಂತಲ್ಲ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ತುರ್ತು ಪ್ರಕರಣ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ ಅಲ್ಲಿಂದ ರೆಫರಲ್ ಪಡೆಯಬೇಕು. ನೇರವಾಗಿ ನರ್ಸಿಂಗ್ ಹೋಮಿಗೆ ಹೋದವರಿಗೆ ಇದು ಆಮೇಲೆ ಗೊತ್ತಾಗುತ್ತದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, 2018ರಲ್ಲಿ ನಿಂತು 2022–23ರಲ್ಲಿ ಮತ್ತೆ ಶುರುವಾಯಿತು. ನೋಂದಣಿ ವರ್ಷದ ಕೆಲವೇ ತಿಂಗಳು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಟ್ಟಿದರೆ ಜೀವನ್ ಜ್ಯೋತಿ ಜೀವವಿಮೆ, 20 ರೂಪಾಯಿಗೆ ಅಪಘಾತದ ಸುರಕ್ಷಾ ಬಿಮಾ. ಎರಡರಲ್ಲೂ ಎರಡೆರಡು ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಆ 456 ರೂಪಾಯಿ ಇರಲಿ, ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಸಾಲ ಕೊಡುವಾಗಲೇ ವಿಮೆಗೆಂದು ಹಣ ಮುರಿದುಕೊಂಡಿರುವುದೂ ಉಂಟು. ದುಡಿಯುವವರು ತೀರಿಕೊಂಡಾಗ ಆ ವಿಮೆಯ ಕಾಗದ ಕೇಳಿ ಪಡೆಯಿರಿ.

ತೀರಿಕೊಂಡವರ ಸಾಲದ ವಿಷಯದಲ್ಲಿ ಊರಲ್ಲಿ ಭಯವೇ ಹೆಚ್ಚು. ಅಪ್ಪ ಬಿಟ್ಟುಹೋದ ಆಸ್ತಿ ವಾರಸುದಾರರ ಕೈಗೆ ಬಂದಷ್ಟಕ್ಕೆ ಮಾತ್ರ ಅಪ್ಪನ ಸಾಲದ ಹೊಣೆ, ಅವರ ಸ್ವಂತ ದುಡಿಮೆಯ ಮೇಲಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ನಿಯಮದ ಮೇಲೆ ಮಗನನ್ನು ಕೋರ್ಟಿಗೆ ಎಳೆಯುವುದನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಿಲ್ಲಿಸಿತು. ಜಾಮೀನು ಹಾಕಿದ್ದರೆ ಕಥೆ ಬೇರೆ. 1872ರ ಕರಾರು ಕಾಯ್ದೆಯಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸ್ನೇಹಕ್ಕೆ ಸಹಿ ಹಾಕುವ ಮುನ್ನ ಅದು ನೆನಪಿರಲಿ. ಕೋರ್ಟಿನ ಜಪ್ತಿ ಬಂದರೂ ಕಸುಬುದಾರನ ಸಲಕರಣೆಯನ್ನೂ, ಸಂಪ್ರದಾಯದಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ತಾವಾಗಿ ಅಡವಿಟ್ಟಿದ್ದರೆ ಆ ರಕ್ಷಣೆಯಿಲ್ಲ.

ವಸೂಲಿಗೂ ನಿಯಮವಿದೆ. ಮೈಕ್ರೋಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅವಧಿಗೆ ಮುಂಚೆ ಸಾಲ ಮುಗಿಸಿದರೆ ದಂಡವಿಲ್ಲ, ತಡವಾದರೆ ದಂಡ ಬಾಕಿಯಾದ ಕಂತಿನ ಮೇಲೆ ಮಾತ್ರ. ದೂರು ಮೊದಲು ಆ ಕಂಪನಿಗೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಮಾಹಿತಿಗೆ 14448. ವಕೀಲರ ಫೀಸಿಗೆ ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಹೆಂಗಸರಿಗೆ ಅಲ್ಲಿ ಆದಾಯ ಕೇಳುವುದಿಲ್ಲ. ಸಾಲದ ಚಿಂತೆಯಲ್ಲಿ ಮನೆಯಲ್ಲಿ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು ಕೂತಿದ್ದರೆ ಲೆಕ್ಕ ಆಮೇಲೆ. ಮೊದಲು ಅವರನ್ನು ಒಂಟಿಯಾಗಿ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಯ ಕಂತು ಕಟ್ಟಿದ ಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಟ್ಟಿದ ದಿನ ಬರುವಾಗ ಬಾಕಿಯಿಲ್ಲ ಎಂಬ ಪತ್ರ ಕೈಯಲ್ಲಿರಬೇಕು. ಆಟೋ ಸಾಲ ಮುಗಿದರೆ ಫಾರಂ 35 ಪಡೆದು ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯಿಂದ ಸಾಲದವರ ಹೆಸರು ತೆಗೆಸಿ. ಮನೆಪತ್ರ ಇಟ್ಟಿದ್ದರೆ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ; ಇದು 2023ರ ಡಿಸೆಂಬರ್ 1ರಿಂದ ಇದೆ. ಜಮೀನಿನ ಮೇಲಿನ ಸಾಲವಾದರೆ ಪಹಣಿ ತೆಗೆಸಿ 11ನೇ ಕಾಲಂ ನೋಡಿ, ಋಣ ಇನ್ನೂ ಅಲ್ಲೇ ಕೂತಿದ್ದರೆ ಬ್ಯಾಂಕಿನ ಪತ್ರದೊಡನೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ, ವರ್ಷಕ್ಕೊಂದು ಉಚಿತ. ಅದರಲ್ಲಿ ನಿಮ್ಮ ಖಾತೆಯ ಎದುರು ‘ಕ್ಲೋಸ್ಡ್’ ಎಂದಿರಬೇಕು. ಪೂರ್ತಿ ಕಟ್ಟಿಯೂ ‘ಸೆಟಲ್ಡ್’ ಎಂದಿದ್ದರೆ ಬರವಣಿಗೆಯಲ್ಲಿ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಲ ನ್ಯಾಯವಾದ ಬಡ್ಡಿಗೆ ಸಾಲ ಕೇಳಲು ಹೋದಾಗ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪಾಸ್‌ಬುಕ್ಕು, ಚೀಟಿ, ಕಂತಿನ ಕಾರ್ಡು ತಂದವರು ಸಭೆ ಮುಗಿದ ಮೇಲೆ ಇಲ್ಲೇ ಇರಿ, ನೋಡೋಣ.